ಹಾಸನದ ಆಕಾಶದಲ್ಲಿ ಅಲುಗದ ಚುಕ್ಕಿಗಳು

1983ರ ಆಗಸ್ಟ್ 30ರ ಕತ್ತಲಲ್ಲಿ ಫ್ಲಾರಿಡಾದಿಂದ ಚಾಲೆಂಜರ್ ನೌಕೆ ಮೇಲೆದ್ದಿತು. ಅಮೆರಿಕದ ಷಟಲ್ ನೌಕೆಯೊಂದು ರಾತ್ರಿ ಹೊತ್ತು ಹಾರಿದ್ದು ಅದೇ ಮೊದಲು. ಆ ಅವೇಳೆಗೆ ಕಾರಣ ಅದರೊಳಗಿದ್ದ ಭಾರತದ ಇನ್ಸಾಟ್-1ಬಿ. ಉಪಗ್ರಹವನ್ನು ಹೊರಬಿಟ್ಟ ಮೇಲೆ ಅದರ ಜಾಡು ತಪ್ಪದಿರಬೇಕಾದರೆ ನೌಕೆ ಆ ಹೊತ್ತಿಗೇ ಹೊರಡಬೇಕಿತ್ತು. ಮರುದಿನ ಉಪಗ್ರಹ ನೌಕೆಯಿಂದ ಆಚೆ ಬಂತು. ಅಲ್ಲಿಂದ ಮುಂದಿನ ಹೊಣೆ ಹಾಸನದ ಸಾಲಗಾಮೆ ರಸ್ತೆಯ ಮುಖ್ಯ ನಿಯಂತ್ರಣ ಕೇಂದ್ರದ್ದು, ಅಂದರೆ ಊರವರ ಬಾಯಲ್ಲಿರುವ ಎಂಸಿಎಫ್‌ನದು.

ಕೇಂದ್ರದ ಆರಂಭವೇನೂ ಸುಖದ್ದಾಗಿರಲಿಲ್ಲ. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ, ನಿಯಂತ್ರಣಕ್ಕೆ ಬೇಕಾದ ಇಂಧನ ಮುಗಿದು ಸೆಪ್ಟೆಂಬರ್ 6ಕ್ಕೇ ಕೈಬಿಟ್ಟುಹೋಗಿತ್ತು. 1ಬಿ ಕೂಡ ಮೊದಲಿಗೆ ಸತಾಯಿಸಿತು. ಅದರ ಸೌರಫಲಕ ಬಿಚ್ಚಿಕೊಳ್ಳಲು ಸೆಪ್ಟೆಂಬರ್ ಮಧ್ಯ ಬರಬೇಕಾಯಿತು. ಆಮೇಲೆ ಅದು ಪೂರ್ವ ರೇಖಾಂಶ 74 ಡಿಗ್ರಿಯಲ್ಲಿ ನೆಲೆಯೂರಿ, ದೂರದರ್ಶನವನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿತು, ಮೋಡಗಳ ಚಿತ್ರ ಕಳಿಸಿತು. ಹಾಸನ ಇರುವುದು 76 ಡಿಗ್ರಿಯಲ್ಲಿ. ಹಾಗಾಗಿ ಅದು ಊರಿನ ನೆತ್ತಿಯಿಂದ ಹೆಚ್ಚು ದೂರವೇನೂ ಇರಲಿಲ್ಲ.

ರಾತ್ರಿಯ ಆಕಾಶದ ಫೋಟೊ ತೆಗೆಯುವ ಹವ್ಯಾಸಿಗೆ ಇದು ಬರೀ ಇತಿಹಾಸವಲ್ಲ. ಹೊಳೆನರಸೀಪುರದ ಒಂದು ಮಾಳಿಗೆಯ ಮೇಲೆ ಟ್ರೈಪಾಡ್ ನಿಲ್ಲಿಸಿ, ಒಳ್ಳೆಯ ಲೆನ್ಸನ್ನು ತೆಂಕಣಕ್ಕೆ, ನೆತ್ತಿಗಿಂತ ತುಸು ಕೆಳಗೆ ತಿರುಗಿಸಿ, ಅರ್ಧ ಗಂಟೆ ಒಂದೇ ಸಮನೆ ಚಿತ್ರ ತೆಗೆದು ಜೋಡಿಸಿದರೆ ನಕ್ಷತ್ರಗಳೆಲ್ಲ ಗೆರೆಗಳಾಗುತ್ತವೆ. ನಡುವೆ ಕೆಲವು ಮಂಕು ಚುಕ್ಕಿಗಳು ಮಾತ್ರ ಇದ್ದಲ್ಲೇ ಇರುತ್ತವೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೇ ಸರಿಹೊಂದಿ ಸುತ್ತುವ ಭೂಸ್ಥಿರ ಉಪಗ್ರಹಗಳವು. ಬರಿಗಣ್ಣಿಗೆ ಕಾಣುವುದು ಅಪರೂಪ.

ನಕ್ಷತ್ರಗಳ ಜೊತೆಗೇ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಹಾಕಿದರೆ ಕತೆ ತಿರುಗುಮುರುಗು. ಆಗ ನಕ್ಷತ್ರ ಚುಕ್ಕಿ, ಉಪಗ್ರಹ ಗೆರೆ. ಚಳಿಗಾಲದಲ್ಲಿ ಹವ್ಯಾಸಿಗಳು ಮುಗಿಬೀಳುವುದು ಮಹಾವ್ಯಾಧ ನಕ್ಷತ್ರಪುಂಜದ ಸೊಂಟಪಟ್ಟಿಯ ಬಳಿಯ ಜ್ವಾಲಾ ನೀಹಾರಿಕೆ ಮತ್ತು ಕುದುರೆತಲೆ ನೀಹಾರಿಕೆಗಳಿಗೆ. ಹಾಸನದ 13 ಡಿಗ್ರಿ ಅಕ್ಷಾಂಶದಿಂದ ನೋಡಿದಾಗ ಭೂಸ್ಥಿರ ಉಪಗ್ರಹಗಳ ಸಾಲು ಖಗೋಳ ವಿಷುವದ್ವೃತ್ತಕ್ಕಿಂತ ಎರಡು ಡಿಗ್ರಿ ಚಿಲ್ಲರೆ ತೆಂಕಣಕ್ಕೆ ಬೀಳುತ್ತದೆ. ಆ ಎರಡು ನೀಹಾರಿಕೆಗಳಿರುವುದೂ ಸರಿಯಾಗಿ ಅಲ್ಲೇ! ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸುವ ತಂತ್ರಾಂಶ ಈ ಗೆರೆಗಳನ್ನು ಕಸವೆಂದು ಗುಡಿಸಿಹಾಕುತ್ತದೆ. ಆ ಕಸದಲ್ಲಿ ತನ್ನೂರಿನಿಂದಲೇ ನಡೆಯುವ ಉಪಗ್ರಹವೂ ಇರಬಹುದೆಂದು ಯಾವ ಹವ್ಯಾಸಿ ಯೋಚಿಸಿಯಾನು?

ಈ ಸೀಮೆಯಲ್ಲಿ ಆಕಾಶವನ್ನು ದಾಖಲಿಸುವ ರೂಢಿ ಕ್ಯಾಮೆರಾಗಿಂತ ಬಹಳ ಹಳೆಯದು, ಆದರೆ ಅದು ಚೆಂದಕ್ಕಲ್ಲ, ಸಾಕ್ಷಿಗೆ. ಶಾಸನತಜ್ಞ ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟವಾಗಿ ಹೊರತಂದರು. ಇಂಥ ಹಳೆಯ ದಾನಶಾಸನಗಳಲ್ಲಿ ಸೂರ್ಯಗ್ರಹಣ, ಸಂಕ್ರಮಣಗಳ ಮಾತು ಮತ್ತೆ ಮತ್ತೆ ಬರುತ್ತದೆ. ಗ್ರಹಣಕಾಲದ ದಾನಕ್ಕೆ ಪುಣ್ಯ ಹೆಚ್ಚೆಂದು ಕೊಟ್ಟವರ ನಂಬಿಕೆ. ಅದೇ ಗ್ರಹಣವನ್ನು ಲೆಕ್ಕ ಹಾಕಿ ಶಾಸನದ ಕಾಲ ಸರಿಯೋ ತಪ್ಪೋ ಎಂದು ಪರೀಕ್ಷಿಸುವುದು ಮುಂದೆ ಇತಿಹಾಸಕಾರರ ಕೆಲಸವಾಯಿತು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆಯ ದಿನ ಗೊತ್ತಾದದ್ದೂ ಆಕಾಶದಿಂದಲೇ. ಸಂಸ್ಕೃತದ ಬಾಹುಬಲಿಚರಿತೆಯಲ್ಲಿ ಚೈತ್ರ ಶುದ್ಧ ಪಂಚಮಿ, ಭಾನುವಾರ, ಕುಂಭ ಲಗ್ನ ಎಂಬ ವಿವರಗಳಿವೆ, ನಕ್ಷತ್ರ ಮೃಗಶಿರಾ ಎಂದು ವಿದ್ವಾಂಸರು ಅರ್ಥೈಸಿದ್ದಾರೆ. ಮೃಗಶಿರಾ ಎಂದರೆ ಅದೇ ಮಹಾವ್ಯಾಧನ ತಲೆಯ ಭಾಗದ ಮಂಕು ತಾರೆಗಳು. ಇಷ್ಟನ್ನು ಹಿಡಿದು ವಿದ್ವಾಂಸರು ವರ್ಷಗಟ್ಟಲೆ ಜಗಳಾಡಿದರು. ಒಂದು ಲೆಕ್ಕ 1028ಕ್ಕೆ ಹೋಯಿತು, ಇನ್ನೊಂದು 981ರ ಮಾರ್ಚ್ 13ಕ್ಕೆ ಬಂತು. ಎರಡನೆಯದೇ ಗೆದ್ದಿತು. 1981ರಲ್ಲಿ ಸಾವಿರ ವರ್ಷದ ಮಹಾಮಸ್ತಕಾಭಿಷೇಕವೂ ನಡೆಯಿತು.

ಆಕಾಶದ ಫೋಟೊದ ಒಂದು ಹಳೆಯ ಕತೆ ಘಟ್ಟದ ಕೆಳಗಿನದು. 1871ರ ಡಿಸೆಂಬರ್ 12ರ ಖಗ್ರಾಸ ಸೂರ್ಯಗ್ರಹಣಕ್ಕೆ ಇಂಗ್ಲೆಂಡಿನ ಖಗೋಳವಿಜ್ಞಾನಿ ನಾರ್ಮನ್ ಲಾಕ್ಯರ್ ತಂಡ ಕಟ್ಟಿಕೊಂಡು ಬಂದಿಳಿದದ್ದು ಬೇಕಲಕ್ಕೆ. ಈಗ ಕಾಸರಗೋಡು ಜಿಲ್ಲೆಯಲ್ಲಿರುವ ಅದು ಆಗ ದಕ್ಷಿಣ ಕನ್ನಡದ ಊರು, ಅಲ್ಲಿನ ಕೋಟೆ ಕೆಳದಿ ನಾಯಕರು ಕಟ್ಟಿಸಿದ್ದು. ಇನ್ನೊಬ್ಬ ಖಗೋಳಜ್ಞ ಲಾರ್ಡ್ ಲಿಂಡ್ಸೆಯ ಸಹಾಯಕ ಡೇವಿಸ್ ಅಲ್ಲಿ ಸೂರ್ಯನ ಕಿರೀಟದ ಚಿತ್ರಗಳನ್ನು ತೆಗೆದ. ಗಾಜಿನ ಫಲಕಕ್ಕೆ ಕೊಲೋಡಿಯನ್ ಸವರಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಒದ್ದೆಯಿರುವಾಗಲೇ ಬೆಳಕಿಗೊಡ್ಡಿ, ಒಣಗುವ ಮೊದಲೇ ತೊಳೆಯಬೇಕಿದ್ದ ಕಾಲ. ಕತ್ತಲಾಗಿದ್ದದ್ದು ಸುಮಾರು ಎರಡೇ ನಿಮಿಷ.

2019ರ ಡಿಸೆಂಬರ್ 26ರ ಕಂಕಣ ಗ್ರಹಣವೂ ಅದೇ ಕಾಸರಗೋಡಿನ ಚೆರುವತ್ತೂರು, ಕೊಡಗಿನ ಕುಟ್ಟದ ಮೇಲೆ ಹಾದುಹೋಯಿತು. ಹಾಸನಕ್ಕೆ ದಕ್ಕಿದ್ದು ಪಾರ್ಶ್ವಗ್ರಹಣ. ಇಂಥ ಹೊತ್ತಿನಲ್ಲಿ ಮರದಡಿ ನಿಂತರೆ ಎಲೆಸಂದಿಯ ಒಂದೊಂದು ತೂತೂ ನೆಲದ ಮೇಲೆ ಕುಡುಗೋಲಿನಂಥ ಸೂರ್ಯನನ್ನು ಮೂಡಿಸುತ್ತದೆ. ಅದಕ್ಕೆ ಕ್ಯಾಮೆರಾವೂ ಬೇಡ.

ಸೂರ್ಯನ ಸುತ್ತ ಉಂಗುರ ಕಟ್ಟುವ ಪರಿವೇಷದ್ದು ಬೇರೆಯೇ ಪಾಡು. ತೆಳು ಎತ್ತರದ ಮೋಡದಲ್ಲಿರುವ ಆರು ಮುಖದ ಹಿಮದ ಹರಳುಗಳು ಬೆಳಕನ್ನು 22 ಡಿಗ್ರಿ ಬಾಗಿಸುವುದರಿಂದ ಅದು ಮೂಡುತ್ತದೆ. ಉಂಗುರದ ಅಡ್ಡಗಲ 44 ಡಿಗ್ರಿ. ರೀಲು ಕ್ಯಾಮೆರಾದ 50 ಮಿಲಿಮೀಟರ್ ಲೆನ್ಸಿಗೆ ಅಗಲದಲ್ಲಿ ಸಿಗುತ್ತಿದ್ದದ್ದು 40 ಡಿಗ್ರಿ, ಎತ್ತರದಲ್ಲಿ 27. ಹಾಗಾಗಿ ಪೂರ್ತಿ ಉಂಗುರ ಹಿಡಿಯಲು ಅಗಲ ಲೆನ್ಸ್ ಕೊಳ್ಳುವ ಶಕ್ತಿ ಇರಬೇಕಿತ್ತು. 2021ರ ಮೇ 24ರಂದು ಲಾಕ್‌ಡೌನಿನ ಬೆಂಗಳೂರಿನ ಮೇಲೆ ಪರಿವೇಷ ಕಟ್ಟಿದಾಗ ಆ ಕಷ್ಟವಿರಲಿಲ್ಲ. ಮೊಬೈಲಿನ ಲೆನ್ಸು ಹುಟ್ಟಿನಿಂದಲೇ ಅಗಲ. ಜನ ಮಾಳಿಗೆಗೆ ಬಂದು ಫೋನನ್ನು ಮೇಲಕ್ಕೆ ಹಿಡಿದರೆ ಸಾಕಿತ್ತು, ಉಂಗುರ ಇಡಿಯಾಗಿ ಚೌಕಟ್ಟಿನೊಳಗೆ ಬಂತು.