ಮಾರ್ಕ್ ದಾಖಲೆಯ ಲೆಕ್ಕ: ಟೇಪಿನಿಂದ ಎಕ್ಸ್‌ಎಂಎಲ್‌ವರೆಗೆ

ಗ್ರಂಥಾಲಯದ ಕ್ಯಾಟಲಾಗನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಿದವರಲ್ಲಿ ಹಲವರಿಗೆ ಯಾಜ್-ಮಾರ್ಕ್‌ಡಂಪ್ ಪರಿಚಯವಿರುತ್ತದೆ. ಡೆನ್ಮಾರ್ಕ್ ಮೂಲದ ಇಂಡೆಕ್ಸ್ ಡೇಟಾ ಸಂಸ್ಥೆ ರೂಪಿಸಿದ ಈ ಪುಟ್ಟ ಸಾಧನ ಕಮಾಂಡ್ ಲೈನಿನಲ್ಲಿ ನಡೆಯುತ್ತದೆ. ಕ್ಯಾಟಲಾಗ್ ದಾಖಲೆಗಳನ್ನು ಯಂತ್ರ ಓದುವಂತೆ ಬರೆದಿಡುವ ಮಾರ್ಕ್ ಕಡತವನ್ನು ಓದಿ ಎಕ್ಸ್‌ಎಂಎಲ್ ಆಗಿಯೋ, ಬೇರೆ ಲಿಪಿಸಂಕೇತದ ಮಾರ್ಕ್ ಆಗಿಯೋ ಬರೆದುಕೊಡುತ್ತದೆ. ಇದು ಬರಿಯ ನಕಲು ಎಂದು ಕಾಣುವುದು ಸಹಜ. ಮಾರ್ಕ್‌ನ ಚರಿತ್ರೆಯನ್ನು ಕೆದಕಿದರೆ ಇದು ಮೂಲತಃ ಎಣಿಕೆಯ ಕೆಲಸ ಎಂಬುದು ನನ್ನ ವಾದ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಹೆನ್ರಿಯೆಟ್ ಆವ್ರಮ್ ಮಾರ್ಕ್ ರೂಪಿಸಿದರು. ಅವರು ಗ್ರಂಥಪಾಲಕಿಯಾಗಿ ಓದಿದವರಲ್ಲ, ಪ್ರೋಗ್ರಾಮರ್. 1966ರಲ್ಲಿ 16 ಗ್ರಂಥಾಲಯಗಳಿಗೆ ಪ್ರಾಯೋಗಿಕವಾಗಿ ಮಾರ್ಕ್ ದಾಖಲೆಗಳ ಟೇಪುಗಳು ಹೋದವು. 1969ರಲ್ಲಿ ವಿತರಣೆ ನಿಯತವಾಯಿತು. 1973ರಲ್ಲಿ ಇದರ ಒಳರಚನೆ ಐಎಸ್‌ಒ 2709 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು.

ಟೇಪನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಓದಬೇಕಿತ್ತು. ಹಾಗಾಗಿ ಪ್ರತಿ ದಾಖಲೆಯೂ ತನ್ನ ಅಳತೆಯನ್ನು ತಾನೇ ಹೊತ್ತು ಬರುತ್ತದೆ. ತಲೆಯಲ್ಲಿ 24 ಅಕ್ಷರಗಳ ಲೀಡರ್. ಅದರ ಮೊದಲ 5 ಅಂಕಿಗಳು ಇಡೀ ದಾಖಲೆಯ ಉದ್ದ. ಬೆನ್ನಿಗೇ ಡೈರೆಕ್ಟರಿ. ಅಲ್ಲಿ ಒಂದೊಂದು ಕ್ಷೇತ್ರಕ್ಕೂ 12 ಸ್ಥಾನ: ಟ್ಯಾಗಿಗೆ 3, ಉದ್ದಕ್ಕೆ 4, ಎಲ್ಲಿಂದ ಶುರು ಎಂಬುದಕ್ಕೆ 5. ಒಂದು ಅಕ್ಷರ ಹೆಚ್ಚಿದರೂ ಅದರ ಮುಂದಿನ ಎಲ್ಲ ಕ್ಷೇತ್ರಗಳ ವಿಳಾಸ ಸರಿಯುತ್ತದೆ. ಸಾಧನದ ನಿಜವಾದ ದುಡಿಮೆ ಇರುವುದು ಈ ಮರುಎಣಿಕೆಯಲ್ಲಿ. 2002ರಲ್ಲಿ ಬಂದ ಮಾರ್ಕ್‌ಎಕ್ಸ್‌ಎಂಎಲ್ ಟ್ಯಾಗುಗಳಿಂದಲೇ ಗಡಿ ಗುರುತಿಸುವುದರಿಂದ ಅಲ್ಲಿ ಈ ಲೆಕ್ಕ ಬೇಕಿಲ್ಲ.

ಕನ್ನಡಕ್ಕೆ ಇದು ಹೇಗೆ ತಾಗುತ್ತದೆ? ಅಮೆರಿಕ ಮಾರಿದ ಧಾನ್ಯಕ್ಕೆ ಭಾರತ ತೆತ್ತ ರೂಪಾಯಿಯಲ್ಲೇ ಪುಸ್ತಕ ಕೊಳ್ಳುತ್ತಿದ್ದ ಪಿಎಲ್-480 ಯೋಜನೆಯಡಿ ಭಾರತದಿಂದ ಅಮೆರಿಕಕ್ಕೆ ಹೋದ ಪುಸ್ತಕಗಳಲ್ಲಿ ಕನ್ನಡದವೂ ಇದ್ದವು. ಮಾರ್ಕ್-8 ಎಂಬ ಹಳೆಯ ಲಿಪಿಸಂಕೇತದಲ್ಲಿ ಹೀಬ್ರೂ, ಅರೇಬಿಕ್, ಚೀನೀ ಲಿಪಿಗಳಿಗೆ ಜಾಗವಿತ್ತು, ಕನ್ನಡಕ್ಕಿರಲಿಲ್ಲ. ನಮ್ಮ ಪುಸ್ತಕಗಳ ಹೆಸರು ರೋಮನ್ ಲಿಪಿಯಲ್ಲಿ, ಮೇಲೊಂದು ಗೀಟು ಕೆಳಗೊಂದು ಚುಕ್ಕಿ ಹೊತ್ತು ಕೂತವು.

ಕಾರಂತರ 'ಚೋಮನ ದುಡಿ'ಯನ್ನೇ ನೋಡಿ. ಶೀರ್ಷಿಕೆಯ 245ನೇ ಕ್ಷೇತ್ರದಲ್ಲಿ ಇದೊಂದೇ ಇದೆ ಎನ್ನಿ. ರೋಮನ್ನಿನಲ್ಲಿ, ಮಾರ್ಕ್-8ರಲ್ಲಿ ಗೀಟು, ಚುಕ್ಕಿಗಳೂ ಸೇರಿ ಹೆಸರಿಗೆ 13 ಬೈಟ್, ಸೂಚಕ ಮತ್ತು ಗಡಿಚಿಹ್ನೆಗಳಿಗೆ 5, ಡೈರೆಕ್ಟರಿಯಲ್ಲಿ 0018. ಅದನ್ನೇ ಯುನಿಕೋಡ್ ಕನ್ನಡದಲ್ಲಿ ಟೈಪಿಸಿ ಯುಟಿಎಫ್-8ರಲ್ಲಿ ಉಳಿಸಿದರೆ 8 ಸಂಕೇತಗಳಿಗೆ ತಲಾ 3 ಬೈಟ್, ನಡುವಿನ ಖಾಲಿ ಜಾಗಕ್ಕೆ 1, ಸೂಚಕ ಮತ್ತು ಗಡಿಚಿಹ್ನೆಗಳಿಗೆ ಮೊದಲಿನಂತೆ 5, ಒಟ್ಟು 0030. ರೋಮನ್ನಿನಿಂದ ಕನ್ನಡಕ್ಕೆ ತರುವುದನ್ನು ಯಾಜ್-ಮಾರ್ಕ್‌ಡಂಪ್ ಮಾಡದು. ಅದಕ್ಕೆ ಕನ್ನಡ ಬಲ್ಲ ಕ್ಯಾಟಲಾಗರ್ ಕೂರಲೇಬೇಕು.

ಲೀಡರಿನ 9ನೇ ಸ್ಥಾನದ ವಿಷಯವನ್ನೂ ಹೇಳಬೇಕು. ಅಲ್ಲಿ ಖಾಲಿ ಇದ್ದರೆ ಮಾರ್ಕ್-8, ರೋಮನ್ನಿನ 'ಎ' ಅಕ್ಷರವಿದ್ದರೆ ಯುನಿಕೋಡ್. ಮಾರ್ಕ್-8ರಿಂದ ಯುಟಿಎಫ್-8ಕ್ಕೆ ಪರಿವರ್ತಿಸುವಾಗ ಆ ಸ್ಥಾನಕ್ಕೆ 97 ಹಾಕು ಎಂದು ಆದೇಶದಲ್ಲೇ ತಿಳಿಸುವುದು ರೂಢಿ. 97 ಎಂಬುದು ಆ ಅಕ್ಷರದ ಸಂಖ್ಯೆ. ಇದನ್ನು ಮರೆತರೆ ಒಳಗಿನ ಅಕ್ಷರವೆಲ್ಲ ಸರಿಯಿದ್ದೂ ಓದುವ ತಂತ್ರಾಂಶ ಹಳೆಯ ಸಂಕೇತವೆಂದು ಬಗೆದು ಕಲಸಿಬಿಡಬಹುದು.

ಇನ್ನೊಂದು ತೊಡಕು ಕಣ್ಣಿಗೇ ಬೀಳುವುದಿಲ್ಲ. 'ಚೋ'ದ ಓತ್ವವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಡೈರೆಕ್ಟರಿಯಲ್ಲಿ ಮಾತ್ರ 0030 ಇದ್ದದ್ದು 0036. ಬೈಟಿಗೆ ಬೈಟ್ ಹೋಲಿಸುವ ಹುಡುಕಾಟಕ್ಕೆ ಅವು ಎರಡು ಬೇರೆ ಬೇರೆ ಪುಸ್ತಕ.