ಬೈಲಕುಪ್ಪೆ ಮತ್ತು ಮುಂಡಗೋಡದ ಬೌದ್ಧ ವಿದ್ಯಾಪೀಠಗಳು: ವಿದೇಶಿ ಸಹಯೋಗದ ಇತಿಹಾಸ

ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿರುವ ಸೆರಾ, ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿರುವ ಡ್ರೆಪುಂಗ್ ಮತ್ತು ಗಾಂದೆನ್ ಟಿಬೆಟನ್ ಬೌದ್ಧಧರ್ಮದ ಗೆಲುಗ್ ಪಂಥದ ಮೂರು ಮಹಾ ವಿದ್ಯಾಪೀಠಗಳು. ನಿರಾಶ್ರಿತ ಭಿಕ್ಷುಗಳು ಕಾಡು ಕಡಿದು ಮತ್ತೆ ಕಟ್ಟಿಕೊಂಡ ಈ ಮಠಗಳ ಬೆಳವಣಿಗೆಯಲ್ಲಿ ಸ್ವಿಟ್ಜರ್ಲೆಂಡ್, ಅಮೆರಿಕ, ಬ್ರಿಟನ್ ಮೊದಲಾದ ದೇಶಗಳ ಸಂಸ್ಥೆಗಳು, ದಾನಿಗಳು ಮತ್ತು ಸ್ವಯಂಸೇವಕ ಶಿಕ್ಷಕರ ಪಾಲಿದೆ. ಅನ್ನ, ಔಷಧಿಯ ನೆರವಾಗಿ ಶುರುವಾದ ಈ ಸಂಬಂಧ ಮುಂದೆ ವಿಜ್ಞಾನದ ಪಾಠಕ್ಕೆ ಬಂದು ನಿಂತಿತು.

ಹಿನ್ನೆಲೆ

ಗಾಂದೆನ್ 1409ರಲ್ಲಿ, ಡ್ರೆಪುಂಗ್ 1416ರಲ್ಲಿ, ಸೆರಾ 1419ರಲ್ಲಿ ಲಾಸಾದ ಆಸುಪಾಸಿನಲ್ಲಿ ಸ್ಥಾಪನೆಯಾದವು. ಮೊದಲನೆಯದನ್ನು ಪಂಥದ ಪ್ರವರ್ತಕ ತ್ಸೊಂಗ್‌ಖಾಪಾ ಕಟ್ಟಿದರೆ ಉಳಿದೆರಡನ್ನು ಅವರ ಶಿಷ್ಯರು ಕಟ್ಟಿದರು. ಇಲ್ಲಿನ ಓದಿನ ಬೇರು ನಾಲಂದಾ ಪರಂಪರೆಯಲ್ಲಿದೆ. ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಚಂದ್ರಕೀರ್ತಿಯ ಮಾಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ ಹಾಗೂ ಅಭಿಸಮಯಾಲಂಕಾರ ಎಂಬ ಐದು ಗ್ರಂಥಗಳನ್ನು ಹದಿನೈದು, ಇಪ್ಪತ್ತು ವರ್ಷ ಓದಿ, ವಾದದಲ್ಲಿ ಗೆದ್ದು ಗೆಶೆ ಪದವಿ ಪಡೆಯಬೇಕು.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದಾಗ ಬೆನ್ನಹಿಂದೆಯೇ ಸಾವಿರಾರು ಭಿಕ್ಷುಗಳೂ ಗಡಿ ದಾಟಿದರು. ಅವರಲ್ಲಿ ಸುಮಾರು 1,500 ಮಂದಿಗೆ ಭೂತಾನದ ಗಡಿಯ ಹತ್ತಿರ, ಬ್ರಿಟಿಷರ ಕಾಲದಲ್ಲಿ ಸೆರೆಶಿಬಿರವಾಗಿದ್ದ ಬುಕ್ಸಾ ಕೋಟೆಯಲ್ಲಿ ನೆಲೆ ಸಿಕ್ಕಿತು. ತಂಪು ನಾಡಿನ ದೇಹಗಳಿಗೆ ಅಲ್ಲಿನ ಸೆಖೆ ಹಿಡಿಸಲಿಲ್ಲ. ಕ್ಷಯರೋಗಕ್ಕೆ ಅನೇಕರು ತುತ್ತಾದರು. ಆ ಸ್ಥಿತಿಯಲ್ಲೂ ಓದು ಮತ್ತು ವಾದ ನಿಲ್ಲಲಿಲ್ಲ ಎಂಬುದನ್ನು ನೆನೆಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ಮೊದಲ ನೆರವು

ಲಾಮಾಗಳ ಶಿಕ್ಷಣಕ್ಕೆ ಹೊರಗಿನವರು ಕೈಹಚ್ಚಿದ ಮೊದಲ ನಿದರ್ಶನಗಳಲ್ಲಿ ಫ್ರೀಡಾ ಬೇಡಿಯವರ ಶಾಲೆ ಒಂದು. ಇಂಗ್ಲೆಂಡಿನ ಡರ್ಬಿಯಲ್ಲಿ ಹುಟ್ಟಿ, ಪಂಜಾಬಿನ ಸೊಸೆಯಾಗಿ ಬಂದ ಅವರು 1960ರ ದಶಕದ ಆರಂಭದಲ್ಲಿ ದೆಹಲಿಯಲ್ಲಿ ಕಿರಿಯ ಲಾಮಾಗಳಿಗಾಗಿ ಶಾಲೆ ತೆರೆದು, ಆಮೇಲೆ ಅದನ್ನು ಡಾಲ್‌ಹೌಸಿಗೆ ಒಯ್ದರು. ಬ್ರಿಟನ್ನಿನಿಂದ ಬಂದ ಸ್ವಯಂಸೇವಕರು ಅಲ್ಲಿ ಇಂಗ್ಲಿಷ್ ಕಲಿಸಿದರು.

ನೆಲ ಕೊಟ್ಟದ್ದು ಕನ್ನಡ ನಾಡು. ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿ ನೀಡಿ, ಭಾರತದ ಮೊದಲ ದೊಡ್ಡ ಟಿಬೆಟನ್ ನೆಲೆಗೆ ದಾರಿ ಮಾಡಿತು. 1966ರಲ್ಲಿ ಮುಂಡಗೋಡದ ನೆಲೆ ಆರಂಭವಾಯಿತು. 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯ ಮೂಲ ಹೆಸರು ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ. ಟಿಬೆಟನ್ ನಿರಾಶ್ರಿತರಿಗೆ ನೆಲೆ ಒದಗಿಸುವುದೇ ಅದರ ಮೊದಲ ಕೆಲಸವಾಗಿತ್ತು. ವಿದೇಶಿ ದೇಣಿಗೆ ಬೋರ್‌ವೆಲ್ಲಾಗಿ, ಟ್ರ್ಯಾಕ್ಟರಾಗಿ, ಆಸ್ಪತ್ರೆಯಾಗಿ ಊರು ಮುಟ್ಟಿದ್ದು ಇಂಥ ಸಂಸ್ಥೆಗಳ ಕೈಯಿಂದ.

ಬುಕ್ಸಾದಲ್ಲಿ ಉಳಿದಿದ್ದ ಭಿಕ್ಷುಗಳು 1970ರ ಸುಮಾರಿಗೆ ದಕ್ಷಿಣಕ್ಕೆ ಬಂದರು. ಬೈಲಕುಪ್ಪೆಗೆ ಬಂದ ಸೆರಾದವರು ಸುಮಾರು 300 ಮಂದಿ ಮಾತ್ರ. ಹಗಲು ಜೋಳದ ಹೊಲ, ಸಂಜೆ ವಾದದ ಅಂಗಳ. ಹೊಸ ಮಠದ ಮೊದಲ ವರ್ಷಗಳು ಹೀಗೆ ಸಾಗಿದವು.

ಅನ್ನದ ನಿಧಿ

1980ರ ದಶಕದಿಂದ ಟಿಬೆಟಿನಿಂದ ಹೊಸ ವಿದ್ಯಾರ್ಥಿಗಳು ಬರತೊಡಗಿ ಮಠಗಳ ಜನಸಂಖ್ಯೆ ಸಾವಿರಗಳಿಗೆ ಏರಿತು. ಹೊಲದ ಬೆಳೆ ಸಾಲದಾಯಿತು. ಸೆರಾದ ವಿಭಾಗವಾದ ಸೆರಾ ಜೇ ಪರಂಪರೆಯ ಲಾಮಾ ತುಬ್ತೆನ್ ಯೇಶೆ ಮತ್ತು ಲಾಮಾ ಜೋಪಾ 1975ರಲ್ಲಿ ಸ್ಥಾಪಿಸಿದ್ದ ಮಹಾಯಾನ ಪರಂಪರೆ ಸಂರಕ್ಷಣಾ ಪ್ರತಿಷ್ಠಾನಕ್ಕೆ ಹಲವು ದೇಶಗಳಲ್ಲಿ ಶಾಖೆಗಳಿದ್ದವು. ಆ ಪ್ರತಿಷ್ಠಾನ 1991ರಲ್ಲಿ ಸೆರಾ ಜೇ ಅನ್ನನಿಧಿಯನ್ನು ಆರಂಭಿಸಿತು. 2,600ಕ್ಕೂ ಹೆಚ್ಚು ಭಿಕ್ಷುಗಳಿಗೆ ಅದರಿಂದ ದಿನಕ್ಕೆ ಮೂರು ಹೊತ್ತಿನ ಊಟ ನಡೆಯಿತು. ದಾಸೋಹದ ನಾಡಿನಲ್ಲಿ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ: ಹೊಟ್ಟೆಯ ಚಿಂತೆ ಕಳೆದ ಮೇಲೆ ದಿನವಿಡೀ ಓದಿಗೆ ಸಿಕ್ಕಿತು.

ಅದೇ 1991ರಲ್ಲಿ ಡ್ರೆಪುಂಗ್‌ನ ವಿಭಾಗವಾದ ಡ್ರೆಪುಂಗ್ ಲೋಸೆಲಿಂಗ್ ಮಠ ಅಮೆರಿಕದ ಅಟ್ಲಾಂಟಾದಲ್ಲಿ ಶಾಖೆ ತೆರೆಯಿತು. ಮರಳಿನ ಮಂಡಲ ಬಿಡಿಸುವ ಭಿಕ್ಷುಗಳ ತಂಡಗಳು ಊರೂರು ಸುತ್ತಿ ಮುಂಡಗೋಡದ ಮಠಕ್ಕೆ ಹಣ ಸಂಗ್ರಹಿಸಿದವು.

ವಿಜ್ಞಾನದ ಪಾಠ

ವಿಜ್ಞಾನಿಗಳೊಂದಿಗೆ ದಲೈ ಲಾಮಾ ನಡೆಸುವ ಮೈಂಡ್ ಅಂಡ್ ಲೈಫ್ ಸಂವಾದ 1987ರಲ್ಲಿ ಧರ್ಮಶಾಲೆಯಲ್ಲಿ ಆರಂಭವಾಯಿತು. ಈ ತಿಳಿವಳಿಕೆ ಎಲ್ಲ ಭಿಕ್ಷುಗಳಿಗೂ ಸಿಗಬೇಕೆಂಬುದು ಅವರ ಆಸೆಯಾಗಿತ್ತು. ಅದರ ಫಲವಾಗಿ ಮೂರು ಕಡೆಯಿಂದ ಸಹಯೋಗ ಒದಗಿತು.

ಸ್ವಿಟ್ಜರ್ಲೆಂಡಿನ ರಿಕೋನ್ ಊರಿನ ಅಡುಗೆಪಾತ್ರೆ ಕಾರ್ಖಾನೆಯಲ್ಲಿ ಟಿಬೆಟನ್ ನಿರಾಶ್ರಿತರು ಕೆಲಸಕ್ಕಿದ್ದರು. ಕಾರ್ಖಾನೆಯ ಒಡೆಯರಾದ ಕೂನ್ ಸಹೋದರರು ಅವರಿಗಾಗಿ ಕಟ್ಟಿಸಿಕೊಟ್ಟ ಟಿಬೆಟ್ ಸಂಸ್ಥೆ, ‘ಸೈನ್ಸ್ ಮೀಟ್ಸ್ ಧರ್ಮ’ ಯೋಜನೆಯಡಿ ಯುರೋಪಿನ ಶಿಕ್ಷಕರನ್ನು ದಕ್ಷಿಣ ಭಾರತದ ಮಠಗಳಿಗೆ ಕಳುಹಿಸಿತು. ಅವರು ತಿಂಗಳುಗಟ್ಟಲೆ ಮಠದ ನೆರಳಲ್ಲೇ ಇದ್ದು ಗಣಿತ, ವಿಜ್ಞಾನ, ಇಂಗ್ಲಿಷ್ ಕಲಿಸಿದರು. ಎರಡನೆಯದಾಗಿ, ಅಮೆರಿಕದ ಸ್ಯಾಗರ್ ಕುಟುಂಬದ ಪ್ರತಿಷ್ಠಾನ ಮತ್ತು ಧರ್ಮಶಾಲೆಯ ಟಿಬೆಟನ್ ಗ್ರಂಥಾಲಯ ಸೇರಿ ‘ಸೈನ್ಸ್ ಫಾರ್ ಮಾಂಕ್ಸ್’ ಎಂಬ ಕಮ್ಮಟಗಳನ್ನು ನಡೆಸಿದವು.

ಮೂರನೆಯದು ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯ. ಡ್ರೆಪುಂಗ್‌ನಲ್ಲಿ ಓದಿದ ಗೆಶೆ ಲೋಬ್ಸಾಂಗ್ ತೆನ್ಜಿನ್ ನೇಗಿಯವರ ಮುಂದಾಳತ್ವದಲ್ಲಿ ಎಮರಿ–ಟಿಬೆಟ್ ವಿಜ್ಞಾನ ಯೋಜನೆ ರೂಪುಗೊಂಡಿತು. 2008ರಿಂದ ಧರ್ಮಶಾಲೆಯಲ್ಲಿ ಪ್ರಾಯೋಗಿಕ ಪಾಠಗಳು ನಡೆದು, 2014ರಿಂದ ಆರು ವರ್ಷಗಳ ಪಠ್ಯಕ್ರಮ ಸೆರಾ, ಡ್ರೆಪುಂಗ್, ಗಾಂದೆನ್‌ಗಳಲ್ಲೇ ಜಾರಿಗೆ ಬಂತು. ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನ ಅದರ ಮುಖ್ಯ ವಿಷಯಗಳು. ಆರು ಶತಮಾನಗಳ ಪಠ್ಯಕ್ರಮದಲ್ಲಿ ಇದು ಬಹು ದೊಡ್ಡ ಬದಲಾವಣೆ.

ತರಗತಿಯೊಳಗೆ

ಅಮೆರಿಕದ ಪ್ರಾಧ್ಯಾಪಕರಿಗೆ ಬೇಸಿಗೆ ರಜೆಯೆಂದರೆ ಮುಂಡಗೋಡದಲ್ಲಿ ಮುಂಗಾರು. ಬಂದವರು ಕೆಲವು ವಾರ ಇದ್ದು ಪಾಠ ಮಾಡುತ್ತಾರೆ. ಅವರ ಪ್ರತಿ ಮಾತನ್ನೂ ಪಕ್ಕದಲ್ಲಿ ನಿಂತ ಅನುವಾದಕ ಟಿಬೆಟನ್ನಿಗೆ ತರುತ್ತಾನೆ. ನೀರಿನ ಹನಿಯೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಭಿಕ್ಷುಗಳಲ್ಲಿ ಏಳುವ ಪ್ರಶ್ನೆ ಪಠ್ಯಪುಸ್ತಕದಲ್ಲಿ ಇರುವುದಿಲ್ಲ: ಬ್ಯಾಕ್ಟೀರಿಯಾಕ್ಕೆ ಚಿತ್ತವಿದೆಯೇ? ಇದ್ದರೆ ಔಷಧಿ ಕೊಟ್ಟು ಕೊಲ್ಲುವುದು ಹಿಂಸೆಯಲ್ಲವೇ? ಪಾಠ ಮುಗಿದರೂ ಪ್ರಶ್ನೆ ಮುಗಿಯದು. ಅಂಗಳದಲ್ಲಿ ಒಬ್ಬ ಕುಳಿತು, ಇನ್ನೊಬ್ಬ ನಿಂತು, ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ಹೊಡೆದು ಅದನ್ನೇ ವಾದಕ್ಕೆ ಎತ್ತಿಕೊಳ್ಳುತ್ತಾರೆ. ಎಮರಿಯ ಜೀವವಿಜ್ಞಾನಿ ಆರಿ ಐಸೆನ್ ಮತ್ತು ಭಿಕ್ಷು ಯುಂಗ್‌ಡ್ರುಂಗ್ ಕೊಂಚೋಕ್ ಸೇರಿ ಈ ಅನುಭವಗಳ ಮೇಲೆ 2017ರಲ್ಲಿ ‘ದಿ ಎನ್‌ಲೈಟನ್ಡ್ ಜೀನ್’ ಎಂಬ ಪುಸ್ತಕ ತಂದರು.

ಪದಗಳ ಹುಟ್ಟು

ಸಹಯೋಗದ ಬಾಳಿಕೆಯ ಫಲವೆಂದರೆ ಟಿಬೆಟನ್ ಭಾಷೆಗೆ ಬಂದ ವಿಜ್ಞಾನದ ಶಬ್ದಸಂಪತ್ತು ಮತ್ತು ದ್ವಿಭಾಷಾ ಪಠ್ಯಪುಸ್ತಕಗಳು. ಎಲೆಕ್ಟ್ರಾನಿಗೆ ಟಿಬೆಟನ್ನಿನಲ್ಲಿ ‘ಲೋಗ್ ದುಲ್’ ಎನ್ನುತ್ತಾರೆ. ಪದಶಃ ಮಿಂಚಿನ ಕಣ. ಮಿಂಚಿನ ಹೆಸರಾದ ‘ವಿದ್ಯುತ್’ ಅನ್ನೇ ಕರೆಂಟಿಗೆ ಇಟ್ಟುಕೊಂಡ ಕನ್ನಡಿಗರಿಗೆ ಈ ದಾರಿ ಹೊಸತಲ್ಲ. ಜೀವಕೋಶಕ್ಕೆ ‘ಟ್ರಾ ಫುಂಗ್’, ಅಂದರೆ ಸೂಕ್ಷ್ಮ ರಾಶಿ. ಬೌದ್ಧರು ಮನುಷ್ಯನನ್ನು ವಿವರಿಸುವ ಪಂಚಸ್ಕಂಧಗಳಲ್ಲಿನ ‘ಸ್ಕಂಧ’ಕ್ಕೂ ಟಿಬೆಟನ್ನಿನಲ್ಲಿ ಇದೇ ‘ಫುಂಗ್’. ಹಳೆಯ ಶಾಸ್ತ್ರದ ಪದವೇ ಹೊಸ ಶಾಸ್ತ್ರಕ್ಕೂ ಆಧಾರವಾಯಿತು.

ಭಿಕ್ಷುಣಿಯರ ಓದು

ಮುಂಡಗೋಡದ ಜಾಂಗ್‌ಚುಪ್ ಚೋಲಿಂಗ್ ಭಿಕ್ಷುಣಿ ಮಠ 1987ರಲ್ಲಿ ಆರಂಭವಾಯಿತು. ವಿದೇಶಗಳಲ್ಲಿ ನಿಧಿ ಕೂಡಿಸಿದ ಟಿಬೆಟನ್ ಭಿಕ್ಷುಣಿಯರ ಯೋಜನೆಯಂಥ ಸಂಘಟನೆಗಳು ಹೆಣ್ಣುಮಕ್ಕಳ ಉನ್ನತ ಓದಿಗೆ ಬೆನ್ನೆಲುಬಾದವು. ಜರ್ಮನಿಯಲ್ಲಿ ಹುಟ್ಟಿದ ಕೆಲ್ಸಾಂಗ್ ವಾಂಗ್ಮೊ 2011ರಲ್ಲಿ ಗೆಶೆ ಪದವಿ ಪಡೆದ ಮೊದಲ ಮಹಿಳೆಯಾದರು. 2016ರ ಡಿಸೆಂಬರಿನಲ್ಲಿ ಮುಂಡಗೋಡದ ಡ್ರೆಪುಂಗ್‌ನಲ್ಲಿ 20 ಟಿಬೆಟನ್ ಭಿಕ್ಷುಣಿಯರಿಗೆ ಒಟ್ಟಿಗೆ ಗೆಶೆಮಾ (ಗೆಶೆಯ ಸ್ತ್ರೀರೂಪ) ಪದವಿ ಪ್ರದಾನವಾಯಿತು.

ಕಟ್ಟುಪಾಡು ಮತ್ತು ಇಂದಿನ ಸ್ಥಿತಿ

ಈ ನೆಲೆಗಳಲ್ಲಿ ತಂಗಲು ವಿದೇಶಿಯರು ಕೇಂದ್ರ ಗೃಹ ಇಲಾಖೆಯ ಸಂರಕ್ಷಿತ ಪ್ರದೇಶ ಪರವಾನಗಿ ಪಡೆಯಬೇಕು. ಅದಕ್ಕಾಗಿ ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕಾದ್ದರಿಂದ, ಹೊರಗಿನ ಶಿಕ್ಷಕರನ್ನೇ ನೆಚ್ಚಿಕೊಂಡ ಶಾಲೆಗೆ ಗಟ್ಟಿ ಬುನಾದಿ ಇರಲಾರದು. ಇದನ್ನು ಅರಿತೇ 2010ರಿಂದ ಭಿಕ್ಷುಗಳ ತಂಡಗಳನ್ನು ಎಮರಿಗೆ ಕಳಿಸಿ ವಿಜ್ಞಾನ ಓದಿಸಲಾಯಿತು. ಮರಳಿದವರು ಪಾಠಕ್ಕೂ ಅನುವಾದಕ್ಕೂ ನಿಂತರು.

2013ರ ಜನವರಿಯಲ್ಲಿ ಮೈಂಡ್ ಅಂಡ್ ಲೈಫ್‌ನ 26ನೆಯ ಸಂವಾದ ಡ್ರೆಪುಂಗ್‌ನಲ್ಲಿ ನಡೆದು, ಜಗತ್ತಿನ ವಿಜ್ಞಾನಿಗಳು ಮುಂಡಗೋಡಕ್ಕೆ ಬಂದರು. 2017ರ ಡಿಸೆಂಬರಿನಲ್ಲಿ ಡ್ರೆಪುಂಗ್ ಲೋಸೆಲಿಂಗ್‌ನ ಧ್ಯಾನ ಮತ್ತು ವಿಜ್ಞಾನ ಕೇಂದ್ರವನ್ನು ದಲೈ ಲಾಮಾ ಉದ್ಘಾಟಿಸಿದರು. ಅತಿಥಿಗಳು ಹೊತ್ತು ತಂದ ವಿದ್ಯೆಯನ್ನು ಇಂದು ಕೆಂಪು ವಸ್ತ್ರದ ಭಿಕ್ಷುವೇ, ಅನುವಾದಕನ ಹಂಗಿಲ್ಲದೆ, ತನ್ನ ಭಾಷೆಯಲ್ಲಿ ಕಲಿಸಬಲ್ಲ. ದೂರದೂರುಗಳಿಂದ ಬಂದು ಹೋದ ಸ್ವಯಂಸೇವಕರ ದುಡಿಮೆ ಸಾರ್ಥಕವಾದದ್ದು ಅಲ್ಲಿ.