ಹಿರಿಯರ ಮೊಬೈಲ್‌ಗೆ ಕಡಿಮೆ ವೆಚ್ಚದ ರೀಚಾರ್ಜ್ ಯೋಜನೆಯ ಆಯ್ಕೆ: ಮಸ್ಕಿ ತಾಲ್ಲೂಕಿನ ಸಾರ್ವಜನಿಕರಿಗೆ ಮಾಹಿತಿ

ಮಸ್ಕಿ ಹಾಗೂ ನೆರೆಯ ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳ ಹಲವು ಕುಟುಂಬಗಳಲ್ಲಿ ದುಡಿಯುವ ವಯಸ್ಸಿನವರು ಬೆಂಗಳೂರು ಮೊದಲಾದ ನಗರಗಳಿಗೆ ಗುಳೆ ಹೋಗುತ್ತಾರೆ. ಊರಿನಲ್ಲಿ ಉಳಿದ ಹಿರಿಯರ ಮೊಬೈಲ್‌ಗೆ ಅಲ್ಲಿಂದಲೇ ಕರೆನ್ಸಿ ಹಾಕಿಸುತ್ತಾರೆ. ಅಂತಹ ಕುಟುಂಬಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

ಸಂಖ್ಯೆಯನ್ನು ಚಾಲ್ತಿಯಲ್ಲಿಡುವ ಅಗತ್ಯ

ವೃದ್ಧಾಪ್ಯ ವೇತನ ಅಥವಾ ಸಂಧ್ಯಾ ಸುರಕ್ಷಾ ವೇತನ ಜಮೆಯಾದ ಬಗ್ಗೆ ಬ್ಯಾಂಕಿನ ಸಂದೇಶ ಹಾಗೂ ಆಧಾರ್ ಒಟಿಪಿ ನೋಂದಾಯಿತ ಮೊಬೈಲ್ ಸಂಖ್ಯೆಗೇ ಬರುತ್ತವೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2013ರ ನಿಯಮಗಳನ್ವಯ, ಸತತ 90 ದಿನ ಕರೆ, ಸಂದೇಶ, ಡೇಟಾ ಯಾವುದನ್ನೂ ಬಳಸದ ಪ್ರೀಪೇಯ್ಡ್ ಸಂಪರ್ಕವನ್ನು ಕಂಪನಿಯು ಸ್ಥಗಿತಗೊಳಿಸಬಹುದಾಗಿದೆ. ಖಾತೆಯಲ್ಲಿ 20 ರೂ. ಅಥವಾ ಹೆಚ್ಚಿನ ಶಿಲ್ಕು ಇದ್ದಲ್ಲಿ 20 ರೂ. ಕಡಿತಗೊಂಡು ಸಂಖ್ಯೆಯು ಇನ್ನೂ 30 ದಿನ ಉಳಿಯುತ್ತದೆ. ಇದರಿಂದ ಉಳಿಯುವುದು ಸಂಖ್ಯೆ ಮಾತ್ರ, ಕರೆಯ ಸೌಲಭ್ಯವಲ್ಲ. ಸ್ಥಗಿತಗೊಂಡ ಸಂಖ್ಯೆಯನ್ನು 90 ದಿನಗಳ ತರುವಾಯ ಬೇರೊಬ್ಬ ಗ್ರಾಹಕರಿಗೆ ನೀಡಲು ಅವಕಾಶವಿದ್ದು, ಹಾಗಾದಲ್ಲಿ ಹಿರಿಯರ ಬ್ಯಾಂಕ್ ಸಂದೇಶಗಳು ಅಪರಿಚಿತರ ಕೈಸೇರುವ ಸಂಭವವಿದೆ. ಆದ್ದರಿಂದ ಹಿರಿಯರಿಗೆ ಯೋಜನೆ ಆಯ್ಕೆ ಮಾಡುವಾಗ ಡೇಟಾಗಿಂತ ಮೊದಲು ವ್ಯಾಲಿಡಿಟಿಯನ್ನು ನೋಡತಕ್ಕದ್ದು.

ಯೋಜನೆಯ ಆಯ್ಕೆ

ಅಂಗಡಿಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 1.5 ಅಥವಾ 2 ಜಿಬಿ ಡೇಟಾ ಇರುವ 28 ದಿನಗಳ ಯೋಜನೆಯನ್ನು ಸೂಚಿಸಲಾಗುತ್ತದೆ. ಕೀಪ್ಯಾಡ್ ಮೊಬೈಲ್ ಬಳಸುವ ಅಜ್ಜಿಗೆ ಈ ಡೇಟಾದಿಂದ ಪ್ರಯೋಜನವಿಲ್ಲ. 28 ದಿನಗಳ ಯೋಜನೆಗೆ ವರ್ಷದಲ್ಲಿ 12 ಅಲ್ಲ, 13 ಬಾರಿ ಹಣ ಕಟ್ಟಬೇಕಾಗುತ್ತದೆ ಎಂಬುದನ್ನೂ ಗಮನಿಸುವುದು.

ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೊರಡಿಸಿದ ತಿದ್ದುಪಡಿಯಂತೆ, ಪ್ರತಿ ಕಂಪನಿಯೂ ಕರೆ ಹಾಗೂ ಸಂದೇಶಕ್ಕೆ ಮಾತ್ರ ಸೀಮಿತವಾದ ಕನಿಷ್ಠ ಒಂದು ವಿಶೇಷ ದರದ ವೋಚರ್ ನೀಡತಕ್ಕದ್ದು. ಇಂತಹ ವೋಚರ್‌ಗಳ ಗರಿಷ್ಠ ಅವಧಿಯನ್ನು 90ರಿಂದ 365 ದಿನಗಳಿಗೆ ಹೆಚ್ಚಿಸಲಾಗಿದೆ. ಅದರಂತೆ 2025ರ ಜನವರಿಯಲ್ಲಿ ಏರ್‌ಟೆಲ್ 84 ದಿನಗಳಿಗೆ 469 ರೂ. ಹಾಗೂ 365 ದಿನಗಳಿಗೆ 1,849 ರೂ., ಜಿಯೋ 84 ದಿನಗಳಿಗೆ 448 ರೂ. ಹಾಗೂ 336 ದಿನಗಳಿಗೆ 1,748 ರೂ. ದರ ನಿಗದಿಪಡಿಸಿದವು. ಅಂದರೆ ದಿನವೊಂದಕ್ಕೆ ಐದರಿಂದ ಐದೂವರೆ ರೂ.ಗಳಷ್ಟು. ದರಗಳು ಬದಲಾಗುತ್ತಿರುವುದರಿಂದ ಹಣ ಕಟ್ಟುವ ಮುನ್ನ ಟ್ರಾಯ್‌ನ ದರಪಟ್ಟಿ ಜಾಲತಾಣದಲ್ಲಿ ಪರಿಶೀಲಿಸುವುದು. ಒಟ್ಟು ದರವನ್ನು ದಿನಗಳಿಂದ ಭಾಗಿಸಿದರೆ ಹೋಲಿಕೆ ಸುಲಭವಾಗುತ್ತದೆ.

ವರ್ಷದ ಹಣವನ್ನು ಒಮ್ಮೆಗೇ ಕಟ್ಟಲು ಸಾಧ್ಯವಾಗದವರಿಗೆ 84 ದಿನಗಳ ಯೋಜನೆಯೂ ಸೂಕ್ತವೇ, ವ್ಯತ್ಯಾಸ ಅಲ್ಪ. ಮೊಮ್ಮಕ್ಕಳೊಡನೆ ವಿಡಿಯೋ ಕರೆ ಮಾಡುವ ಹಿರಿಯರಿಗೆ ಡೇಟಾರಹಿತ ಯೋಜನೆ ಹೊಂದುವುದಿಲ್ಲ.

ಕಂಪನಿ ಬದಲಿಸುವವರ ಗಮನಕ್ಕೆ

ಹಿರಿಯರು ವಾಸಿಸುವ ಮನೆಯೊಳಗೆ ಹಾಗೂ ಹೊಲದಲ್ಲಿ ಸಿಗ್ನಲ್ ದೊರೆಯುವುದೇ ಎಂಬುದನ್ನು ನೆರೆಯವರ ಮೊಬೈಲ್‌ನಿಂದ ಮೊದಲು ಪರೀಕ್ಷಿಸಿಕೊಳ್ಳತಕ್ಕದ್ದು. ಜಿಯೋ ಜಾಲದಲ್ಲಿ 2ಜಿ ಸೇವೆ ಇಲ್ಲದ ಕಾರಣ ಹಳೆಯ 2ಜಿ ಕೀಪ್ಯಾಡ್ ಮೊಬೈಲ್‌ಗಳಲ್ಲಿ ಅದರ ಸಿಮ್ ಕೆಲಸ ಮಾಡುವುದಿಲ್ಲ. ಹೊಸ ಮೊಬೈಲ್ ಕೊಳ್ಳುವ ವೆಚ್ಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು.

ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸಬಹುದಾಗಿದೆ. ಇಂಗ್ಲಿಷ್ ಅಕ್ಷರಗಳಲ್ಲಿ 'ಪೋರ್ಟ್' ಎಂದು ಬರೆದು, ಸ್ಥಳ ಬಿಟ್ಟು, ಮೊಬೈಲ್ ಸಂಖ್ಯೆಯನ್ನು ನಮೂದಿಸಿ 1900ಕ್ಕೆ ಸಂದೇಶ ಕಳುಹಿಸತಕ್ಕದ್ದು. ಉತ್ತರವಾಗಿ ಬರುವ ಸಂಕೇತವು 4 ದಿನ ಮಾನ್ಯವಿರುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಪೂರೈಸಿರಬೇಕು.

ಸಿಮ್ ಯಾರ ಹೆಸರಿನಲ್ಲಿದೆ?

ಹಲವು ಹಿರಿಯರ ಸಿಮ್ ಮಗನ ಅಥವಾ ಅಳಿಯನ ಹೆಸರಿನಲ್ಲಿರುತ್ತದೆ. ಸಿಮ್ ಕಳೆದರೆ ಬದಲಿ ಸಿಮ್ ಪಡೆಯಲು ಹೆಸರಿನವರೇ ಬರಬೇಕಾಗುವುದರಿಂದ, ಅವರು ಗುಳೆ ಹೋಗಿದ್ದಲ್ಲಿ ತೊಂದರೆಯಾಗುತ್ತದೆ. ಸಿಮ್ ಅನ್ನು ಹಿರಿಯರ ಹೆಸರಿನಲ್ಲಿಯೇ ಪಡೆಯುವುದು ಉತ್ತಮ.

ಕೇಳದೆಯೇ ಜಾರಿಯಾದ ಹಾಡು, ಜ್ಯೋತಿಷ್ಯ ಮುಂತಾದ ಸೇವೆಗಳನ್ನು 155223ಕ್ಕೆ ಕರೆ ಮಾಡಿ ರದ್ದುಪಡಿಸಬಹುದು. ಇತರೆ ದೂರುಗಳನ್ನು ಕಂಪನಿಯ 198 ಸಂಖ್ಯೆಗೆ ಸಲ್ಲಿಸಿ, ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ಅದೇ ದೂರು ಸಂಖ್ಯೆಯನ್ನು ನಮೂದಿಸಿ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದಾಗಿದೆ.